ತಯಾರಾದ ರಿಸೆಪ್ಟರ್ ಕೋಶದ ಮೇಲ್ಮೈಗೆ ಯಾಕೆ ಬರಲಿಲ್ಲ?

ಪ್ರಶ್ನೆ: ನಮ್ಮ ಅಣ್ಣನಿಗೆ 36 ವರ್ಷ. ತೆಳ್ಳಗಿದ್ದಾನೆ, ಬೀಡಿ ಸಿಗರೇಟು ಇಲ್ಲ, ಮನೆಯಲ್ಲಿ ಮಾಂಸ ಮಾಡುವುದಿಲ್ಲ. ಆದರೂ ಎಲ್‌ಡಿಎಲ್ ಕೊಲೆಸ್ಟ್ರಾಲ್ 280 ಬಂತು. ನಮ್ಮ ತಂದೆ 48ಕ್ಕೇ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ಹಾಗಾಗಿ ಡಾಕ್ಟರು ಅಣ್ಣನಿಗೆ ಜೀನ್ ಪರೀಕ್ಷೆ ಮಾಡಿಸಿದರು. 'ಎಲ್‌ಡಿಎಲ್ ರಿಸೆಪ್ಟರ್ ತಯಾರಾಗುತ್ತದೆ, ಆದರೆ ಜೀವಕೋಶದ ಮೇಲ್ಮೈಗೆ ಬರುವುದಿಲ್ಲ, ಎರಡನೇ ವರ್ಗದ ದೋಷ' ಅಂತ ವರದಿಯಲ್ಲಿದೆ. ತಯಾರಾದದ್ದು ಯಾಕೆ ಬರುವುದಿಲ್ಲ? ಅದನ್ನು ಮೇಲಕ್ಕೆ ಒಯ್ಯುವುದು ಯಾವುದು? ಔಷಧಿ ಕೊಟ್ಟು ತಳ್ಳುವುದಕ್ಕೆ ಆಗುವುದಿಲ್ವಾ? ಅಣ್ಣನಿಗೆ ಏಳು ವರ್ಷದ ಮಗಳಿದ್ದಾಳೆ. ಅವಳಿಗೂ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಮೊದಲು ಚಿಕ್ಕದಾಗಿ ಹೇಳಿಬಿಡುತ್ತೇನೆ. ನಿಮ್ಮ ಅಣ್ಣನ ಕೋಶಗಳಲ್ಲಿ ತಯಾರಾಗುವ ಈ ರಿಸೆಪ್ಟರುಗಳಲ್ಲಿ ಸುಮಾರು ಅರ್ಧದಷ್ಟು ಒಳಗೇ ಉಳಿಯುತ್ತಿವೆ. ಅವು ದಾರಿ ತಪ್ಪಿದ್ದಲ್ಲ. ಕೋಶವೇ ಅವನ್ನು ತಡೆದು ನಿಲ್ಲಿಸಿದೆ. ಆಕಾರ ಸರಿಯಾಗಿ ಕೂತಿಲ್ಲ ಅಂತ ಹೊರಡಲು ಬಿಡುತ್ತಿಲ್ಲ, ಕೊನೆಗೆ ಒಡೆದು ಹಾಕುತ್ತಿದೆ. ಇಷ್ಟು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳೂ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಔಷಧಿಯ ವಿಷಯ, ಮಗಳ ವಿಷಯ ಕೊನೆಗೆ ಹೇಳುತ್ತೇನೆ.

ಕೊಲೆಸ್ಟ್ರಾಲ್ ನೀರಿನಲ್ಲಿ ಕರಗುವ ವಸ್ತುವಲ್ಲ. ಹಾಗಾಗಿ ರಕ್ತದಲ್ಲಿ ಅದು ಕೊಬ್ಬು ಮತ್ತು ಪ್ರೋಟೀನ್ ಸೇರಿದ ಸಣ್ಣ ಸಣ್ಣ ಕಣಗಳ ಒಳಗೆ ಸೇರಿಕೊಂಡು ಓಡಾಡುತ್ತದೆ. ಅಂಥ ಒಂದು ಬಗೆಯ ಕಣವೇ ಎಲ್‌ಡಿಎಲ್. ಈ ಕಣವನ್ನು ಹಿಡಿದು ಕೋಶದ ಒಳಗೆ ಎಳೆದುಕೊಳ್ಳುವುದು ಎಲ್‌ಡಿಎಲ್ ರಿಸೆಪ್ಟರ್ ಅನ್ನುವ ಪ್ರೋಟೀನ್. ಹೆಚ್ಚಿನ ಕೆಲಸ ನಡೆಯುವುದು ಲಿವರಿನಲ್ಲಿ. ಕೋಶದ ಹೊರಮೈ ಮೇಲೆ ರಿಸೆಪ್ಟರ್ ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ, ವರ್ಷಾನುಗಟ್ಟಲೆ ರಕ್ತನಾಳದ ಗೋಡೆಯಲ್ಲಿ ಸೇರುತ್ತಾ ಹೋಗುತ್ತದೆ. ಇದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1970ರ ದಶಕದ ಮೊದಲ ಭಾಗದಲ್ಲಿ, ರೋಗಿಗಳ ಚರ್ಮದಿಂದ ಬೆಳೆಸಿದ ಕೋಶಗಳಲ್ಲಿ ಅವರು ಇದನ್ನು ತೋರಿಸಿದರು. 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನಿಮ್ಮ ಅಣ್ಣನ ತೆಳ್ಳಗಿನ ಮೈಗೂ ಊಟಕ್ಕೂ ಈ 280ಕ್ಕೂ ಸಂಬಂಧ ತೀರಾ ಕಡಿಮೆ. ತುಪ್ಪ ಬಿಟ್ಟರೆ ಸರಿಹೋಗುತ್ತದೆ ಅಂತ ನೆಂಟರು ಹೇಳುತ್ತಿದ್ದರೆ, ಸುಮ್ನೆ ತಲೆಯಾಡಿಸಿ ಮುಂದೆ ಹೋಗಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಒಯ್ಯುವುದು ಯಾವುದು ಅಂತ ಕೇಳಿದ್ದೀರಿ. ರಿಸೆಪ್ಟರ್ ಒಳಗೆಲ್ಲೋ ತಯಾರಾಗಿ, ಯಾವುದೋ ವಾಹನ ಹತ್ತಿ ಅಂಚಿಗೆ ಬಂದು, ಅಲ್ಲಿ ಪೊರೆಗೆ ಅಂಟಿಕೊಳ್ಳುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಶಾಲೆಯ ಪುಸ್ತಕದ ಚಿತ್ರಗಳೂ ಹಾಗೇ ಇರುತ್ತವೆ. ನಿಜ ಬೇರೆ. ರಿಸೆಪ್ಟರ್ ಹುಟ್ಟುವಾಗಲೇ ಪೊರೆಯಲ್ಲಿ ನೆಟ್ಟುಕೊಂಡು ಹುಟ್ಟುತ್ತದೆ. ಆಮೇಲೆ ಒಂದು ಕ್ಷಣವೂ ಪೊರೆ ಬಿಟ್ಟು ಈಚೆಗೆ ಬರುವುದಿಲ್ಲ. ಸಾಗುವುದು ಆ ಪೊರೆಯ ತುಂಡೇ.

ಹುಟ್ಟುವ ಕ್ಷಣವನ್ನು ಹತ್ತಿರದಿಂದ ನೋಡಿ. ರೈಬೋಸೋಮ್ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸುತ್ತಾ ಪ್ರೋಟೀನ್ ಮಾಡುತ್ತದೆ. ಎಲ್‌ಡಿಎಲ್ ರಿಸೆಪ್ಟರಿಗೆ ಒಟ್ಟು 860 ಅಮೈನೋ ಆಮ್ಲ. ಅದರಲ್ಲಿ ಮೊದಲ 21 ಬರೀ ಗುರುತಿಗೆ. ಈ 21ರ ತುಣುಕು ರೈಬೋಸೋಮಿನಿಂದ ಹೊರಗೆ ಇಣುಕಿದ ಕೂಡಲೇ ಎಸ್‌ಆರ್‌ಪಿ ಅನ್ನುವ ಕಣವೊಂದು ಅದನ್ನು ಹಿಡಿಯುತ್ತದೆ. ಪೋಣಿಸುವ ಕೆಲಸ ಸ್ವಲ್ಪ ಹೊತ್ತು ನಿಧಾನವಾಗುತ್ತದೆ. ರೈಬೋಸೋಮ್ ಹೋಗಿ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಅನ್ನುವ ಪೊರೆಜಾಲದ ಮೇಲೆ ಕೂರುತ್ತದೆ. ಇದನ್ನು ಮುಂದೆ ಇ.ಆರ್. ಅಂತಲೇ ಕರೆಯುತ್ತೇನೆ. ಅಲ್ಲಿ ಸೆಕ್61 ಅನ್ನುವ ಸಣ್ಣ ರಂಧ್ರವಿದೆ. ರಿಸೆಪ್ಟರಿನ ಎಳೆ ಆ ರಂಧ್ರದ ಮೂಲಕ ಇ.ಆರ್. ಒಳಗೆ ಇಳಿಯುತ್ತಾ ಹೋಗುತ್ತದೆ. ಗುರುತಿನ ತುಣುಕನ್ನು ಅಲ್ಲೇ ಕತ್ತರಿಸಿ ತೆಗೆಯಲಾಗುತ್ತದೆ. ಎಳೆಯ ಕೊನೆಯ ಹತ್ತಿರ ನೀರನ್ನು ದೂರ ಇಡುವ 22 ಅಮೈನೋ ಆಮ್ಲಗಳ ಒಂದು ಭಾಗ ಬರುತ್ತದೆ. ಅದು ರಂಧ್ರದ ಪಕ್ಕಕ್ಕೆ ಸರಿದು ಕೊಬ್ಬಿನ ಪೊರೆಯಲ್ಲೇ ಉಳಿದುಬಿಡುತ್ತದೆ. ಕೊನೆಯ 50 ಅಮೈನೋ ಆಮ್ಲಗಳ ಬಾಲ ಈಚೆಗೆ, ಅಂದರೆ ಕೋಶರಸದ ಕಡೆಗೆ ನಿಲ್ಲುತ್ತದೆ. ಪ್ರೋಟೀನಿನಲ್ಲೇ ಹೀಗೊಂದು ಗುರುತು ಇರಬೇಕು ಅಂತ 1970ರ ದಶಕದಲ್ಲಿ ವಾದಿಸಿ, ಆಮೇಲೆ ಪ್ರಯೋಗದಲ್ಲಿ ತೋರಿಸಿದವರು ನ್ಯೂಯಾರ್ಕಿನ ಗುಂಟರ್ ಬ್ಲೋಬೆಲ್. ಅವರಿಗೆ ನೊಬೆಲ್ ಬಂದದ್ದು 1999ರಲ್ಲಿ.

ಇಲ್ಲಿ ಒಂದು ಸೋಜಿಗವಿದೆ. ಎಲ್‌ಡಿಎಲ್ ಹಿಡಿಯಬೇಕಾದ ಭಾಗ ಮುಂದೆ ಕೋಶದ ಹೊರಗೆ ಇರಬೇಕು. ಆದರೆ ಈಗ ಅದು ಇ.ಆರ್. ಒಳಗಿದೆ. ಹೊರಗಿರಬೇಕಾದದ್ದು ಒಳಗೆ ಇದೆಯಲ್ಲ, ಹೇಗೆ ತಿರುಗುತ್ತದೆ? ಅದು ತಿರುಗುವುದೇ ಬೇಡ. ನಿಮ್ಮ ಪ್ಯಾಂಟಿನ ಜೇಬನ್ನು ಎಳೆದು ಹೊರಗೆ ಮಗುಚಿ ನೋಡಿ. ಜೇಬಿನ ಒಳಮೈ ಈಗ ಹೊರಮೈ ಆಯಿತು, ಬಟ್ಟೆಯನ್ನು ನೀವು ತೂರಿಸಲಿಲ್ಲ, ಕತ್ತರಿಸಲಿಲ್ಲ. ಇ.ಆರ್.ನಿಂದ ಹೊರಟ ಪೊರೆ ಕೊನೆಗೆ ಪುಟ್ಟ ಗುಳ್ಳೆಯಾಗಿ ಕೋಶಪೊರೆಗೆ ಬಂದು ಬೆರೆತಾಗ ಆಗುವುದೂ ಇದೇ. ಗುಳ್ಳೆಯ ಒಳಮೈ ಕೋಶದ ಹೊರಮೈ ಆಗುತ್ತದೆ. ಒಟ್ಟಿನಲ್ಲಿ, ಇ.ಆರ್. ಒಳಗಿನ ಜಾಗ ಲೆಕ್ಕದಲ್ಲಿ ಆಗಲೇ ಹೊರಗಿನದು. ಯಾವ ಮುಖ ಹೊರಗೆ ಇರಬೇಕು ಅನ್ನುವುದು ಹುಟ್ಟುವಾಗಲೇ ತೀರ್ಮಾನವಾಗಿರುತ್ತದೆ.

ಮನುಷ್ಯರ ಕೋಶದಲ್ಲಿ ರೈಬೋಸೋಮ್ ಸೆಕೆಂಡಿಗೆ ಸುಮಾರು ಐದು ಅಮೈನೋ ಆಮ್ಲ ಪೋಣಿಸುತ್ತದೆ. ಆ ಲೆಕ್ಕದಲ್ಲಿ 860ಕ್ಕೆ ಮೂರು ನಿಮಿಷ ಸಾಕು. ಆದರೆ ಅದೇ ರಿಸೆಪ್ಟರ್ ಮೇಲ್ಮೈಯಲ್ಲಿ ಕಾಣಿಸಿಕೊಳ್ಳುವುದು ಸುಮಾರು 45 ನಿಮಿಷ ಆದ ಮೇಲೆ. ಮಿಕ್ಕ 40 ನಿಮಿಷ ಏನು ಮಾಡುತ್ತದೆ? ಕೋಶ ತುಂಬಾ ಚಿಕ್ಕದು, ದೂರ ಇಷ್ಟು ಹೊತ್ತು ತಗೊಳ್ಳುವಷ್ಟಿಲ್ಲ. ಹೊತ್ತು ಹೋಗುವುದು ಮಡಚಿಕೊಳ್ಳುವುದರಲ್ಲಿ, ತಪಾಸಣೆಯಲ್ಲಿ, ಸಕ್ಕರೆ ಕಟ್ಟಿಸಿಕೊಳ್ಳುವುದರಲ್ಲಿ. ನಿಮ್ಮ ಅಣ್ಣನ ತೊಂದರೆ ಇರುವುದೂ ಈ 40 ನಿಮಿಷದೊಳಗೇ.

ಮಡಚಿಕೊಳ್ಳುವುದು ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ರಿಸೆಪ್ಟರಿನ ತುದಿಯಲ್ಲಿ ಎಲ್‌ಡಿಎಲ್ ಹಿಡಿಯುವ ಏಳು ತುಂಡುಗಳು ಸಾಲಾಗಿ ಇವೆ. ಒಂದೊಂದೂ ಸುಮಾರು 40 ಅಮೈನೋ ಆಮ್ಲದ್ದು. ಪ್ರತಿ ತುಂಡಿನಲ್ಲೂ ಆರು ಸಿಸ್ಟೀನ್. ಸಿಸ್ಟೀನಿನಲ್ಲಿ ಗಂಧಕ ಇರುತ್ತದೆ, ಎರಡೆರಡು ಸಿಸ್ಟೀನ್ ಸೇರಿ ಗಂಧಕದ ಕಟ್ಟು ಹಾಕಿಕೊಳ್ಳುತ್ತವೆ. ಹಾಗೆ ಒಂದು ತುಂಡಿಗೆ ಮೂರು ಕಟ್ಟು. ಜೊತೆಗೆ ನಡುವೆ ಒಂದು ಕ್ಯಾಲ್ಸಿಯಂ ಕೂರಬೇಕು. ಏಳು ತುಂಡಿಗೆ 21 ಕಟ್ಟು ಆಯಿತು. ಇದರ ಆಚೆಗೂ ಕಟ್ಟುಗಳಿವೆ. ಯಾವ ಸಿಸ್ಟೀನ್ ಯಾವುದರ ಜೊತೆ ಸೇರಬೇಕು ಅನ್ನುವುದು ನಿಗದಿ. ಒಂದು ಅದಲುಬದಲಾದರೂ ಆ ತುಂಡು ಆಕಾರಕ್ಕೆ ಬರುವುದಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಅತಿ ಇಷ್ಟದ ಭಾಗ ಇದು: ರಿಸೆಪ್ಟರ್ ಮೊದಲ ಸಲಕ್ಕೇ ಸರಿಯಾದ ಕಟ್ಟು ಹಾಕಿಕೊಳ್ಳುವುದಿಲ್ಲ. ಮೊದಲು ದೂರ ದೂರದ ಸಿಸ್ಟೀನುಗಳು ತಪ್ಪುತಪ್ಪಾಗಿ ಸೇರಿಕೊಳ್ಳುತ್ತವೆ, ಆಮೇಲೆ ಬಿಚ್ಚಿಕೊಂಡು ಮತ್ತೆ ಸೇರುತ್ತವೆ. 2002ರಲ್ಲಿ ನೆದರ್‌ಲ್ಯಾಂಡ್ಸ್‌ನ ವಿಜ್ಞಾನಿಗಳು ಇದನ್ನು ತೋರಿಸುವವರೆಗೆ, ಹುಟ್ಟಿದ ಕ್ರಮದಲ್ಲೇ ಒಂದಾದ ಮೇಲೊಂದು ತುಂಡು ಮಡಚಿಕೊಳ್ಳುತ್ತದೆ ಅಂತ ಅಂದುಕೊಂಡಿದ್ದವರೇ ಜಾಸ್ತಿ. ಈ ಕೆಲಸದಲ್ಲಿ ರಿಸೆಪ್ಟರಿಗೆ ನೆರವಾಗುವ ಪ್ರೋಟೀನುಗಳಿಗೆ ಶಾಪರೋನ್ ಅನ್ನುತ್ತಾರೆ. ಬಿಪ್ ಅನ್ನುವುದು ಇನ್ನೂ ಮಡಚದ ಭಾಗಕ್ಕೆ ಅಂಟಿಕೊಂಡು, ಅದು ಅಕ್ಕಪಕ್ಕದವುಗಳ ಜೊತೆ ಗಂಟು ಬೀಳದಂತೆ ನೋಡಿಕೊಳ್ಳುತ್ತದೆ. ಪಿಡಿಐ ಗುಂಪಿನವು ಗಂಧಕದ ಕಟ್ಟುಗಳನ್ನು ಬಿಚ್ಚಿ ಕಟ್ಟುತ್ತವೆ. ಮೆಸ್‌ಡಿ ಅನ್ನುವುದು ರಿಸೆಪ್ಟರಿನ ನಡುವೆ ಇರುವ ಆರು ರೆಕ್ಕೆಯ ಒಂದು ಭಾಗಕ್ಕೇ ಮೀಸಲು.

ಇವುಗಳ ಹಿಡಿತ ಬಿಟ್ಟರಷ್ಟೇ ರಿಸೆಪ್ಟರ್ ಮುಂದೆ ಹೋಗಬಹುದು. ಮಡಚದೆ ಉಳಿದ ಭಾಗ ಕಂಡಷ್ಟು ಹೊತ್ತು ಬಿಪ್ ಬಿಡುವುದಿಲ್ಲ. ಬಿಡದಿದ್ದರೆ ಹೊರಡುವ ಗುಳ್ಳೆಗೆ ಸೇರುವುದಿಲ್ಲ. ತಡೆ ಇರುವುದೇ ಇಲ್ಲಿ. ಕೆಟ್ಟ ರಿಸೆಪ್ಟರನ್ನು ಹುಡುಕಿ ಹಿಡಿಯುವ ಬೇರೆ ಯಂತ್ರ ಬೇಕಾಗಿಯೇ ಇಲ್ಲ. ನೆರವಿಗೆ ಬಂದವೇ ಹಿಡಿದುಕೊಂಡು ನಿಲ್ಲುತ್ತವೆ.

ಹಾಗೆ ಹೆಚ್ಚು ಹೊತ್ತು ಸಿಕ್ಕಿಕೊಂಡದ್ದನ್ನು ಕೋಶ ಇಟ್ಟುಕೊಳ್ಳುವುದೂ ಇಲ್ಲ. ಅದನ್ನು ಪೊರೆಯಿಂದ ಹಿಂದಕ್ಕೆ ಕೋಶರಸಕ್ಕೆ ಎಳೆದು, ಯುಬಿಕ್ವಿಟಿನ್ ಅನ್ನುವ ಗುರುತು ಹಚ್ಚಿ, ಪ್ರೋಟಿಯಾಸೋಮ್ ಎಂಬಲ್ಲಿ ಚೂರುಚೂರು ಮಾಡುತ್ತದೆ. ಅಮೈನೋ ಆಮ್ಲಗಳು ಮತ್ತೆ ಬಳಕೆಗೆ ಹೋಗುತ್ತವೆ.

ನಿಮ್ಮ ವರದಿಯಲ್ಲಿರುವ 'ಎರಡನೇ ವರ್ಗ' ಅನ್ನುವುದು ಎಲ್ಲಿಂದ ಬಂತು ಗೊತ್ತಾ? ಒಂದು ಹಳೆಯ, ಆದರೆ ಸೊಗಸಾದ ಪ್ರಯೋಗದಿಂದ. ರೋಗಿಯ ಚರ್ಮದ ಒಂದು ಚೂರು ತೆಗೆದು, ಅದರ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ವಿಕಿರಣ ಸೂಸುವ ಗಂಧಕವಿರುವ ಮೆಥಿಯೋನಿನ್ ಅನ್ನುವ ಅಮೈನೋ ಆಮ್ಲವನ್ನು ಸ್ವಲ್ಪ ಹೊತ್ತು ಉಣಿಸುತ್ತಾರೆ. ಆ ಹೊತ್ತಿನಲ್ಲಿ ಹುಟ್ಟಿದ ಪ್ರೋಟೀನುಗಳಿಗೆಲ್ಲ ಗುರುತು ಬೀಳುತ್ತದೆ. ಆಮೇಲೆ ಅದನ್ನು ತೊಳೆದು ಸಾಮಾನ್ಯ ಮೆಥಿಯೋನಿನ್ ಕೊಟ್ಟು ಕಾಯುತ್ತಾರೆ. ಬೇರೆ ಬೇರೆ ತಟ್ಟೆಯ ಕೋಶಗಳನ್ನು ಬೇರೆ ಬೇರೆ ಹೊತ್ತಿಗೆ ಒಡೆದು, ಆಂಟಿಬಾಡಿಯಿಂದ ಎಲ್‌ಡಿಎಲ್ ರಿಸೆಪ್ಟರನ್ನು ಮಾತ್ರ ಹೆಕ್ಕಿ, ತೂಕದ ಪ್ರಕಾರ ಬೇರೆಯಾಗುವಂತೆ ಜೆಲ್ ಮೇಲೆ ಓಡಿಸಿ, ಎಕ್ಸ್‌ರೇ ಫಿಲ್ಮ್ ಇಡುತ್ತಾರೆ. ಆರೋಗ್ಯವಂತರ ಕೋಶದಲ್ಲಿ ಮೊದಲು 120 ಕಿಲೋಡಾಲ್ಟನ್ (ಪ್ರೋಟೀನಿನ ತೂಕ ಹೇಳುವ ಅಳತೆ) ಹತ್ತಿರ ಒಂದು ಕಪ್ಪು ಗೆರೆ ಕಾಣುತ್ತದೆ. ಒಂದು ಗಂಟೆ ಕಳೆಯುವ ಹೊತ್ತಿಗೆ ಹೆಚ್ಚಿನದು 160ರ ಹತ್ತಿರ ಹೋಗಿರುತ್ತದೆ. ಸಕ್ಕರೆ ಸೇರಿದ್ದರಿಂದ ಹಾಗೆ ಮೇಲೆ ಹೋದಂತೆ ಕಾಣುವುದು. ಜೀನಿನ ಎರಡೂ ಪ್ರತಿಗಳಲ್ಲಿ ಎರಡನೇ ವರ್ಗದ ದೋಷವಿರುವ ರೋಗಿಯ ಕೋಶದಲ್ಲಿ 120ರ ಗೆರೆ 120ರಲ್ಲೇ ನಿಂತಿರುತ್ತದೆ. ಹೊತ್ತು ಹೋದಂತೆ ಮಸುಕಾಗುತ್ತದೆ. 160ರಲ್ಲಿ ಏನೂ ಕಾಣುವುದಿಲ್ಲ.

ಪೂರ್ತಿ ನಿಂತರೆ 2ಎ, ನಿಧಾನವಾಗಿ ಒಂದಷ್ಟು ದಾಟಿದರೆ 2ಬಿ. ನಿಮ್ಮ ವರದಿಯಲ್ಲಿ ಈ ಅಕ್ಷರ ಇದೆಯಾ ನೋಡಿ. ಬಿ ಆದರೆ ಕೆಲವಾದರೂ ಮೇಲೆ ತಲುಪುತ್ತವೆ. ಉಳಿದ ವರ್ಗಗಳನ್ನು ಬೇಗ ಹೇಳಿಬಿಡುತ್ತೇನೆ: ಒಂದನೆಯದರಲ್ಲಿ ರಿಸೆಪ್ಟರ್ ತಯಾರೇ ಆಗುವುದಿಲ್ಲ, ಮೂರನೆಯದರಲ್ಲಿ ಮೇಲೆ ಬಂದರೂ ಎಲ್‌ಡಿಎಲ್ ಹಿಡಿಯುವುದಿಲ್ಲ, ನಾಲ್ಕನೆಯದರಲ್ಲಿ ಹಿಡಿದರೂ ಒಳಗೆ ಎಳೆಯುವುದಿಲ್ಲ, ಐದನೆಯದರಲ್ಲಿ ಒಳಗೆ ಹೋದದ್ದು ವಾಪಸ್ ಬರುವುದಿಲ್ಲ. ಇವುಗಳಲ್ಲಿ ಹೆಚ್ಚಾಗಿ ಸಿಗುವುದು ಎರಡನೆಯದೇ. ಲೆಬನಾನ್‌ನಲ್ಲಿ ತುಂಬಾ ಕುಟುಂಬಗಳಲ್ಲಿ ಕಾಣುವ ದೋಷ ಇದೇ ವರ್ಗದ್ದು. ಅಲ್ಲಿ 660ನೇ ಜಾಗದ ಒಂದು ಸಿಸ್ಟೀನ್ ಬದಲು 'ನಿಲ್ಲಿಸು' ಅನ್ನುವ ಸೂಚನೆ ಬಂದು ರಿಸೆಪ್ಟರ್ ಅರ್ಧಕ್ಕೇ ತುಂಡಾಗಿ ಇ.ಆರ್.ನಲ್ಲಿ ಉಳಿಯುತ್ತದೆ. ಜಪಾನಿನ ಕೋಬೆಯಲ್ಲಿ ಯೋಶಿಯೋ ವಾತಾನಾಬೆ ಅನ್ನುವ ಪಶುವೈದ್ಯರು ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಒಂದೇ ಒಂದು ಮೊಲದಿಂದ ಒಂದು ತಳಿ ಬೆಳೆಸಿದ್ದರು. ಆ ಮೊಲಗಳ ರಿಸೆಪ್ಟರಿನಲ್ಲಿ ಕಡಿಮೆ ಇದ್ದದ್ದು ನಾಲ್ಕೇ ಅಮೈನೋ ಆಮ್ಲ. ಅಷ್ಟಕ್ಕೇ ಸಾಗಣೆ ಕುಂಟಿತು.

ಸರಿಯಾಗಿ ಮಡಚಿದ ರಿಸೆಪ್ಟರಿನ ಮುಂದಿನ ದಾರಿ ನೋಡೋಣ. ಇ.ಆರ್. ಪೊರೆಯ ಕೆಲವು ಜಾಗಗಳಲ್ಲಿ ಕಾಪ್-2 ಅನ್ನುವ ಪ್ರೋಟೀನುಗಳ ಕವಚ ಹೊರಗಿನಿಂದ ಕೂತು ಪೊರೆಯನ್ನು ಬಾಗಿಸಿ ಗುಳ್ಳೆಯಾಗಿ ಚಿವುಟುತ್ತದೆ. ಗುಳ್ಳೆಯ ಅಡ್ಡಳತೆ 60ರಿಂದ 90 ನ್ಯಾನೋಮೀಟರ್. ಈ ಯಂತ್ರದ ಭಾಗಗಳು ಸಿಕ್ಕಿದ್ದು ಯೀಸ್ಟಿನಲ್ಲಿ. ಕ್ಯಾಲಿಫೋರ್ನಿಯಾದ ರ್‍ಯಾಂಡಿ ಶೆಕ್‌ಮನ್ 1979ರಿಂದ ಶುರು ಮಾಡಿ, ಬಿಸಿ ಹೆಚ್ಚಿಸಿದರೆ ಸಾಗಣೆ ನಿಂತುಹೋಗುವ ಯೀಸ್ಟ್ ತಳಿಗಳನ್ನು ಹುಡುಕಿದರು. ಸ್ವಲ್ಪ ಸಮಯದಲ್ಲೇ 23 ಜೀನುಗಳು ಸಿಕ್ಕವು. ಅವುಗಳಲ್ಲಿ ಹೆಚ್ಚಿನವಕ್ಕೆ ನಮ್ಮಲ್ಲೂ ಜೋಡಿ ಇದೆ. ಬ್ರೆಡ್ ಉಬ್ಬಿಸುವ ಯೀಸ್ಟೂ ನಮ್ಮ ಲಿವರೂ ಈ ವಿಷಯದಲ್ಲಿ ಒಂದೇ ವಿಧಾನ ಬಳಸುತ್ತವೆ ಅನ್ನುವುದು ಆಗ ಅನೇಕರಿಗೆ ನಂಬಲು ಕಷ್ಟವಾಗಿತ್ತು.

ಗುಳ್ಳೆಗಳು ಹೋಗಿ ಸೇರುವುದು ಗಾಲ್ಗಿ ಅನ್ನುವ ಚಪ್ಪಟೆ ಪೊರೆಚೀಲಗಳ ಅಟ್ಟಿಗೆ. ಇಟಲಿಯ ಕಮಿಲ್ಲೋ ಗಾಲ್ಗಿ 1898ರಲ್ಲಿ ಗೂಬೆಯ ಮೆದುಳಿನ ಕೋಶಗಳಲ್ಲಿ ಕಂಡದ್ದು ಅದು. ರಿಸೆಪ್ಟರಿಗೆ ಇ.ಆರ್.ನಲ್ಲೇ ಸ್ವಲ್ಪ ಸಕ್ಕರೆ ಕಟ್ಟಿರುತ್ತಾರೆ. ಗಾಲ್ಗಿಯಲ್ಲಿ ಅದನ್ನು ತಿದ್ದಿ, ಇನ್ನಷ್ಟು ಸೇರಿಸುತ್ತಾರೆ. ಪೊರೆಯ ಹತ್ತಿರದ ಒಂದು ಭಾಗದಲ್ಲಂತೂ ಸಕ್ಕರೆಯ ಸರಗಳು ಒತ್ತೊತ್ತಾಗಿ ಕೂರುತ್ತವೆ. ಜೆಲ್‌ನಲ್ಲಿ ಗೆರೆ 120ರಿಂದ 160ಕ್ಕೆ ಏರುವುದು ಇಲ್ಲೇ. ಗಾಲ್ಗಿಯ ಕೊನೆಯ ತುದಿಯಲ್ಲಿ ಯಾವುದು ಎಲ್ಲಿಗೆ ಅನ್ನುವ ವಿಂಗಡಣೆ ನಡೆಯುತ್ತದೆ. ಅಲ್ಲಿಂದ ಹೊರಟ ಗುಳ್ಳೆ, ಕೆಲವೊಮ್ಮೆ ಉದ್ದನೆಯ ಕೊಳವೆಯಂಥ ಪೊರೆ, ಮೈಕ್ರೊಟ್ಯೂಬ್ಯೂಲ್ ಎಂಬ ಹಳಿಗಳ ಮೇಲೆ ಮೋಟಾರ್ ಪ್ರೋಟೀನುಗಳ ಸಹಾಯದಿಂದ ಅಂಚಿಗೆ ಬರುತ್ತದೆ. ಒಯ್ಯುವುದು ಯಾವುದು ಅಂದಿರಲ್ಲ, ಆ ಮಾತಿಗೆ ನೇರ ಉತ್ತರ ಈ ಮೋಟಾರುಗಳು. ಆದರೆ ನಿಮ್ಮ ಅಣ್ಣನಲ್ಲಿ ಇವು ಚೆನ್ನಾಗಿಯೇ ಕೆಲಸ ಮಾಡುತ್ತಿವೆ. ಇಲ್ಲದಿದ್ದರೆ ಬೇರೆ ಸಾವಿರ ಪ್ರೋಟೀನುಗಳೂ ನಿಲ್ಲುತ್ತಿದ್ದವು.

ಅಂಚಿಗೆ ಬಂದ ಗುಳ್ಳೆ ಪೊರೆಯೊಂದಿಗೆ ಬೆರೆಯಲು ಸ್ನೇರ್ ಎಂಬ ಪ್ರೋಟೀನುಗಳು ಬೇಕು. ಗುಳ್ಳೆಯ ಮೇಲೆ ಒಂದು, ಪೊರೆಯ ಮೇಲೆ ಅದಕ್ಕೆ ಹೊಂದುವವು. ಇವು ಒಂದಕ್ಕೊಂದು ಹೆಣೆದುಕೊಂಡು ಎರಡು ಪೊರೆಗಳನ್ನು ಹತ್ತಿರ ಎಳೆಯುತ್ತವೆ. ಧನುರ್ವಾಯುವಿನ ವಿಷ ನರಗಳಲ್ಲಿ ಕತ್ತರಿಸುವುದು ಇಂಥದೇ ಒಂದು ಪ್ರೋಟೀನನ್ನು. ಇದನ್ನು ಬಿಡಿಸಿದ ಜೇಮ್ಸ್ ರಾತ್‌ಮನ್, ಶೆಕ್‌ಮನ್ ಮತ್ತು ಥಾಮಸ್ ಸುಡೋಫ್ ಅವರಿಗೆ 2013ರಲ್ಲಿ ನೊಬೆಲ್ ಬಂತು. ಸುಡೋಫ್ ಅದಕ್ಕೂ ಮೊದಲು ಬ್ರೌನ್–ಗೋಲ್ಡ್‌ಸ್ಟೀನ್ ಲ್ಯಾಬಿನಲ್ಲಿದ್ದು ಎಲ್‌ಡಿಎಲ್ ರಿಸೆಪ್ಟರ್ ಜೀನಿನ ಮೇಲೆಯೇ ಕೆಲಸ ಮಾಡಿದ್ದವರು.

ಮೇಲ್ಮೈಗೆ ಬಂದರೆ ಸಾಲದು, ಸರಿಯಾದ ಮೇಲ್ಮೈಗೆ ಬರಬೇಕು. ಲಿವರಿನ ಕೋಶಕ್ಕೆ ಒಂದು ಮುಖ ರಕ್ತದ ಕಡೆಗೆ, ಇನ್ನೊಂದು ಮುಖ ಪಿತ್ತದ ಕಡೆಗೆ. ಎಲ್‌ಡಿಎಲ್ ಇರುವುದು ರಕ್ತದಲ್ಲಿ. ಫಿನ್‌ಲ್ಯಾಂಡಿನ ತುರ್ಕು ಊರಿನ ಹೆಸರು ಹೊತ್ತ ಒಂದು ದೋಷವಿದೆ. ರಿಸೆಪ್ಟರಿನ ಬಾಲದಲ್ಲಿ, 823ನೇ ಜಾಗದ ಒಂದು ಅಮೈನೋ ಆಮ್ಲ ಬದಲಾಗಿದೆ, ಅಷ್ಟೇ. ರಿಸೆಪ್ಟರ್ ಚೆನ್ನಾಗಿ ಮಡಚುತ್ತದೆ, ತಪಾಸಣೆ ದಾಟುತ್ತದೆ, ಮೇಲ್ಮೈಗೂ ಬರುತ್ತದೆ. ಆದರೆ ಪಿತ್ತದ ಕಡೆಯ ಮುಖಕ್ಕೆ ಹೋಗಿ ಕೂರುತ್ತದೆ. ನಿಜವಾಗಿ ದಾರಿ ತಪ್ಪುವುದು ಅಂದರೆ ಇದು. ಇಂಥದ್ದು ಅಪರೂಪ.

ಇನ್ನು ಮೇಲೆ ತಲುಪಿದ ರಿಸೆಪ್ಟರ್ ಅಲ್ಲೇ ಕೂತಿರುವುದಿಲ್ಲ. ಇದು ಔಷಧಿಗೆ ಸಂಬಂಧಪಟ್ಟ ಮಾತು, ಗಮನವಿಟ್ಟು ಓದಿ. ಅದು ಕ್ಲಾಥ್ರಿನ್ ಎಂಬ ಪ್ರೋಟೀನಿನ ಕವಚವಿರುವ ತಗ್ಗುಗಳಲ್ಲಿ ಸೇರುತ್ತದೆ. ಆ ತಗ್ಗು ಕೆಲವೇ ನಿಮಿಷದಲ್ಲಿ ಒಳಕ್ಕೆ ಚಿವುಟಿಕೊಳ್ಳುತ್ತದೆ. ಒಳಗೆ ಎಂಡೋಸೋಮ್ ಎಂಬ ಚೀಲದಲ್ಲಿ ಹುಳಿ ಜಾಸ್ತಿ. ಹುಳಿ ಸೋಕಿದ ಕೂಡಲೇ ರಿಸೆಪ್ಟರ್ ತನ್ನ ಮೇಲೆ ತಾನೇ ಮಡಚಿಕೊಂಡು ಎಲ್‌ಡಿಎಲ್ ಕೈಬಿಡುತ್ತದೆ. ಎಲ್‌ಡಿಎಲ್ ಲೈಸೋಸೋಮಿಗೆ ಹೋಗಿ ಜೀರ್ಣವಾಗುತ್ತದೆ, ರಿಸೆಪ್ಟರ್ ವಾಪಸ್ ಮೇಲೆ. ಒಂದು ಸುತ್ತಿಗೆ ಸುಮಾರು 10 ನಿಮಿಷ. ಎಲ್‌ಡಿಎಲ್ ಸಿಕ್ಕರೂ ಸರಿ, ಸಿಗದಿದ್ದರೂ ಸರಿ, ಸುತ್ತು ನಿಲ್ಲುವುದಿಲ್ಲ. ರಿಸೆಪ್ಟರಿನ ಆಯಸ್ಸು ಸುಮಾರು 20 ಗಂಟೆ. ಲೆಕ್ಕ ಹಾಕಿದರೆ ನೂರಕ್ಕೂ ಹೆಚ್ಚು ಸುತ್ತು. ಒಳಗೆ ಹೋಗುವುದಕ್ಕೆ ಕ್ಲಾಥ್ರಿನ್ ಒಂದೇ ದಾರಿಯಲ್ಲ. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಸಂಶೋಧನಾ ಸಂಸ್ಥೆಯಲ್ಲಿ ಸತ್ಯಜಿತ್ ಮೇಯರ್ ಮತ್ತವರ ಜೊತೆಗಾರರು ಕ್ಲಾಥ್ರಿನ್ ಇಲ್ಲದೆ ನಡೆಯುವ ದಾರಿಗಳ ಮೇಲೆ ಮಾಡಿದ ಕೆಲಸ ಈ ಕ್ಷೇತ್ರದವರಿಗೆಲ್ಲ ಗೊತ್ತು. ಎಲ್‌ಡಿಎಲ್ ರಿಸೆಪ್ಟರ್ ಮಾತ್ರ ಕ್ಲಾಥ್ರಿನ್ ದಾರಿಯದ್ದೇ.

ಅಂದರೆ ಮೇಲ್ಮೈ ಮೇಲೆ ಎಷ್ಟು ರಿಸೆಪ್ಟರ್ ಇವೆ ಅನ್ನುವುದು ಮೂರು ವಿಷಯದ ಮೇಲೆ ನಿಂತಿದೆ: ಎಷ್ಟು ಹುಟ್ಟುತ್ತವೆ, ಅದರಲ್ಲಿ ಎಷ್ಟು ತಪಾಸಣೆ ದಾಟುತ್ತವೆ, ದಾಟಿದವು ಎಷ್ಟು ಸುತ್ತು ಬಾಳುತ್ತವೆ. ಅಣ್ಣನ ದೋಷ ಎರಡನೆಯದರಲ್ಲಿದೆ. ಇವತ್ತು ನಮ್ಮ ಕೈಲಿರುವ ಮುಖ್ಯ ಔಷಧಿಗಳು ಮೊದಲನೆಯದು ಮತ್ತು ಮೂರನೆಯದರ ಮೇಲೆ ಕೆಲಸ ಮಾಡುತ್ತವೆ. ತಮಾಷೆ ಅನಿಸಬಹುದು, ಆದರೆ ಸಾಕಷ್ಟು ಪ್ರಯೋಜನ ಇದೆ.

ಸ್ಟ್ಯಾಟಿನ್ ಮಾತ್ರೆ ಲಿವರಿನ ಕೋಶದೊಳಗೆ ಕೊಲೆಸ್ಟ್ರಾಲ್ ತಯಾರಿಕೆಯನ್ನು ತಗ್ಗಿಸುತ್ತದೆ. ಕೊಲೆಸ್ಟ್ರಾಲ್ ಕಡಿಮೆಯಾದದ್ದು ಮೊದಲು ಗೊತ್ತಾಗುವುದು ಇ.ಆರ್. ಪೊರೆಗೆ. ಅಲ್ಲಿ ಎಸ್‌ಆರ್‌ಇಬಿಪಿ ಎಂಬ ಪ್ರೋಟೀನ್ ಸುಮ್ಮನೆ ಕಾಯುತ್ತಾ ಕೂತಿರುತ್ತದೆ. ಕೊಲೆಸ್ಟ್ರಾಲ್ ಇಳಿದಾಗ ಅದು, ಈಗಷ್ಟೇ ಹೇಳಿದ ಅದೇ ಕಾಪ್-2 ಗುಳ್ಳೆ ಹತ್ತಿ ಗಾಲ್ಗಿಗೆ ಹೋಗುತ್ತದೆ. ಅಲ್ಲಿ ಅದನ್ನು ಕತ್ತರಿಸುತ್ತಾರೆ. ಬಿಡುಗಡೆಯಾದ ತುಂಡು ಕೋಶಕೇಂದ್ರಕ್ಕೆ ಹೋಗಿ ಎಲ್‌ಡಿಎಲ್ ರಿಸೆಪ್ಟರಿನ ಜೀನನ್ನು ಚುರುಕುಗೊಳಿಸುತ್ತದೆ. ಅಣ್ಣನಲ್ಲಿ ಈ ಜೀನಿನ ಎರಡು ಪ್ರತಿಗಳಿವೆ. ತಂದೆಯಿಂದ ಬಂದಿರಬಹುದಾದ ಒಂದು ಕೆಟ್ಟದ್ದು, ಇನ್ನೊಂದು ಸರಿಯಿದೆ. ಸ್ಟ್ಯಾಟಿನ್ ಎರಡನ್ನೂ ಚುರುಕು ಮಾಡುತ್ತದೆ. ಕೆಟ್ಟವು ಮೊದಲಿನ ಹಾಗೆಯೇ ಸಿಕ್ಕಿಕೊಂಡು ಒಡೆದು ಹೋಗುತ್ತವೆ. ಒಳ್ಳೆಯವು ಹೆಚ್ಚು ಹುಟ್ಟಿ ಹೆಚ್ಚು ಮೇಲೆ ಬರುತ್ತವೆ. ಹಾಗಾಗಿ ಮಾತ್ರೆ ಕೆಲಸ ಮಾಡುತ್ತದೆ.

ಮೂರನೆಯದರ ಕಥೆ ಪಿಸಿಎಸ್‌ಕೆ9ನದ್ದು. ಲಿವರ್ ರಕ್ತಕ್ಕೆ ಬಿಡುವ ಒಂದು ಪ್ರೋಟೀನ್ ಅದು. ರಿಸೆಪ್ಟರಿಗೆ ಅಂಟಿಕೊಂಡು ಒಳಗೆ ಹೋದರೆ, ಹುಳಿಯಲ್ಲಿ ರಿಸೆಪ್ಟರ್ ಮಡಚಿಕೊಳ್ಳದಂತೆ ಹಿಡಿಯುತ್ತದೆ. ಮಡಚದ ರಿಸೆಪ್ಟರ್ ವಾಪಸ್ ಬರುವುದಿಲ್ಲ, ಎಲ್‌ಡಿಎಲ್ ಜೊತೆಗೇ ಲೈಸೋಸೋಮಿನಲ್ಲಿ ಜೀರ್ಣವಾಗಿ ಹೋಗುತ್ತದೆ. 2003ರಲ್ಲಿ ಫ್ರಾನ್ಸಿನ ಕೆಲವು ಕುಟುಂಬಗಳಲ್ಲಿ ಇದು ಅತಿಯಾಗಿ ಕೆಲಸ ಮಾಡಿ ಕೊಲೆಸ್ಟ್ರಾಲ್ ಏರಿದ್ದು ತಿಳಿಯಿತು. ಆಮೇಲೆ ಅಮೆರಿಕದಲ್ಲಿ ಇದರ ಉಲ್ಟಾ ಸಿಕ್ಕಿತು. ಪಿಸಿಎಸ್‌ಕೆ9 ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದ ಆಫ್ರಿಕನ್ ಅಮೆರಿಕನ್ನರಲ್ಲಿ ಎಲ್‌ಡಿಎಲ್ 28 ಪರ್ಸೆಂಟ್ ಕಡಿಮೆ, ಹೃದಯದ ರಕ್ತನಾಳದ ಕಾಯಿಲೆ 88 ಪರ್ಸೆಂಟ್ ಕಡಿಮೆ ಅಂತ 2006ರಲ್ಲಿ ವರದಿಯಾಯಿತು. ಎಷ್ಟು ಇಳಿದಿದೆ ಅನ್ನುವುದಕ್ಕಿಂತ ಎಷ್ಟು ವರ್ಷದಿಂದ ಇಳಿದಿದೆ ಅನ್ನುವುದು ಮುಖ್ಯ ಅಂತ ನಾನು ಹೇಳುವುದು ಈ ಕಾರಣಕ್ಕೆ. ಪಿಸಿಎಸ್‌ಕೆ9 ತಡೆಯುವ ಇಂಜೆಕ್ಷನ್‌ಗಳಿಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಸ್ಟ್ಯಾಟಿನ್ ರಿಸೆಪ್ಟರಿನ ಜೊತೆಗೆ ಪಿಸಿಎಸ್‌ಕೆ9 ಅನ್ನೂ ಸ್ವಲ್ಪ ಹೆಚ್ಚಿಸುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಕೊಟ್ಟಾಗ ಫಲಿತಾಂಶ ಚೆನ್ನಾಗಿರುತ್ತದೆ. ಬೆಲೆ ಮಾತ್ರ ಜಾಸ್ತಿ. ಅಣ್ಣನಿಗೆ ಸ್ಟ್ಯಾಟಿನ್ ಮತ್ತು ಎಜೆಟಿಮೈಬ್ (ಕರುಳು ಕೊಲೆಸ್ಟ್ರಾಲ್ ಹೀರುವುದನ್ನು ತಗ್ಗಿಸುವ ಮಾತ್ರೆ) ಸೇರಿಸಿ ಎಷ್ಟು ಇಳಿಯುತ್ತದೆ ನೋಡಿ, ಆಮೇಲೆ ಡಾಕ್ಟರ ಜೊತೆ ಮಾತಾಡಿದರೆ ಸಾಕು.

ಸಿಕ್ಕಿಕೊಂಡ ರಿಸೆಪ್ಟರನ್ನೇ ಬಿಡಿಸಿ ಮೇಲೆ ತರಬಹುದಾ ಅಂದಿರಿ. ಯೋಚನೆ ಸರಿಯಾಗಿದೆ, ಬೇರೆ ಪ್ರೋಟೀನುಗಳಲ್ಲಿ ಆಗಿಯೂ ಇದೆ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಯಲ್ಲಿ ಕ್ಲೋರೈಡ್ ಹಾಯುವ ಸಿಎಫ್‌ಟಿಆರ್ ಎಂಬ ಪ್ರೋಟೀನಿನ 508ನೇ ಅಮೈನೋ ಆಮ್ಲ ಇಲ್ಲದೆ ಅದು ಇ.ಆರ್.ನಲ್ಲಿ ನಿಲ್ಲುತ್ತದೆ. ಅದರ ಮಡಿಕೆಗೆ ಆಸರೆ ಕೊಟ್ಟು ಮೇಲೆ ಕಳಿಸುವ ಔಷಧಿಗಳು ಬಂದಿವೆ. ಮೂರು ಔಷಧಿ ಸೇರಿದ ಮಾತ್ರೆಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ತುಂಬಾ ರೋಗಿಗಳ ಬದುಕೇ ಬದಲಾಯಿತು. ಕಿಡ್ನಿಯಲ್ಲಿ ನೀರು ಹಿಡಿದಿಡುವ ವಿ2 ಎಂಬ ರಿಸೆಪ್ಟರ್ ಇದೇ ರೀತಿ ಸಿಕ್ಕಿಕೊಂಡರೆ ಹುಡುಗರು ದಿನಕ್ಕೆ ಲೀಟರುಗಟ್ಟಲೆ ಮೂತ್ರ ಮಾಡುತ್ತಾರೆ. ಆ ರಿಸೆಪ್ಟರಿಗೆ ಹೊಂದುವ ಸಣ್ಣ ಅಣು ಒಳಗೆ ನುಗ್ಗಿ ಅದನ್ನು ಮಡಚಿಸಿ ಮೇಲೆ ತಂದದ್ದನ್ನು 2000ದಲ್ಲಿ ಕೋಶಗಳಲ್ಲಿ ತೋರಿಸಿದರು. ಕೆಲವೇ ರೋಗಿಗಳಲ್ಲಿ ಪ್ರಯತ್ನಿಸಿದಾಗ ಮೂತ್ರ ಕಡಿಮೆಯೂ ಆಯಿತು. ಆದರೆ ಆ ಔಷಧಿ ಮಾರುಕಟ್ಟೆಗೆ ಬರಲಿಲ್ಲ.

ಎಲ್‌ಡಿಎಲ್ ರಿಸೆಪ್ಟರಿಗೆ ಮಾತ್ರ ಅಂಥದ್ದು ಇಲ್ಲ. ಕಾರಣಗಳು ಸುಲಭವಾಗಿ ಕಾಣುತ್ತವೆ. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲಿ ಹೆಚ್ಚಿನವರಿಗೆ ಅದೇ 508ರ ದೋಷ. ಇಲ್ಲಿ ಸಾವಿರಕ್ಕೂ ಮಿಕ್ಕ ಬೇರೆ ಬೇರೆ ದೋಷಗಳು, ರಿಸೆಪ್ಟರಿನ ಉದ್ದಕ್ಕೂ ಹರಡಿವೆ. ವಿ2ನಲ್ಲಿ ಸಣ್ಣ ಅಣು ಕೂರಲು ಒಂದು ಒಳ್ಳೆಯ ಜಾಗವಿದೆ. ಎಲ್‌ಡಿಎಲ್ ರಿಸೆಪ್ಟರ್ ಹಿಡಿಯುವುದು ದೊಡ್ಡ ಕಣವನ್ನು, ಅದರಲ್ಲಿ ಅಂಥ ಜಾಗ ಇಲ್ಲ. ಸಿಸ್ಟೀನೇ ಕಳೆದುಹೋದ ದೋಷವಾದರೆ ಆಸರೆ ಕೊಟ್ಟು ಏನೂ ಆಗುವುದಿಲ್ಲ, ಜೋಡಿ ಕಳೆದುಕೊಂಡ ಸಿಸ್ಟೀನ್ ಹಾಗೇ ಉಳಿಯುತ್ತದೆ. ನಿಮ್ಮ ಅಣ್ಣನಲ್ಲಿ ಒಂದು ಪ್ರತಿ ಸರಿಯಿರುವುದರಿಂದ ಇದಕ್ಕಾಗಿ ಕಾಯಬೇಕಾಗಿಯೂ ಇಲ್ಲ. ಎರಡೂ ಪ್ರತಿ ಕೆಟ್ಟಿರುವ ಮಕ್ಕಳಿಗೆ ಮಾತ್ರ ಪರಿಸ್ಥಿತಿ ಕಷ್ಟದ್ದು. ಅವರಿಗೆ ಸ್ಟ್ಯಾಟಿನ್ ಸಾಲುವುದಿಲ್ಲ, ಯಂತ್ರದಿಂದ ರಕ್ತ ಸೋಸಿ ಎಲ್‌ಡಿಎಲ್ ತೆಗೆಯಬೇಕಾಗುತ್ತದೆ. 1984ರಲ್ಲಿ ಅಮೆರಿಕದಲ್ಲಿ ಅಂಥ ಆರು ವರ್ಷದ ಹುಡುಗಿಯೊಬ್ಬಳಿಗೆ ಹೃದಯದ ಜೊತೆ ಲಿವರನ್ನೂ ಕಸಿ ಮಾಡಿದರು. 1000 ದಾಟಿದ್ದ ಅವಳ ಕೊಲೆಸ್ಟ್ರಾಲ್ 300ರ ಆಸುಪಾಸಿಗೆ ಇಳಿಯಿತು. ಸರಿಯಾದ ರಿಸೆಪ್ಟರ್ ಇರುವ ಲಿವರ್ ಒಂದೇ ಇಷ್ಟು ಮಾಡಬಲ್ಲದು ಅನ್ನುವುದು ಅಲ್ಲಿ ಗೊತ್ತಾಯಿತು.

ಮಗಳ ವಿಷಯ. ಹೌದು, ನೋಡಿಸಿ, ತಡಮಾಡಬೇಡಿ. ದೋಷದ ಪ್ರತಿ ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಕುಟುಂಬದಲ್ಲಿ ಬರುವ ಈ ಕಾಯಿಲೆ (ಫೆಮಿಲಿಯಲ್ ಹೈಪರ್‌ಕೊಲೆಸ್ಟ್ರಾಲೆಮಿಯಾ) ಅಷ್ಟೇನೂ ಅಪರೂಪವಲ್ಲ, ಜಗತ್ತಿನಲ್ಲಿ ಸುಮಾರು 250 ಜನರಲ್ಲಿ ಒಬ್ಬರಿಗೆ ಇದೆ. ಮೊದಲು ಸಾಮಾನ್ಯ ಲಿಪಿಡ್ ಪರೀಕ್ಷೆ ಸಾಕು. ಅಣ್ಣನ ದೋಷ ಯಾವುದು ಅಂತ ಈಗಾಗಲೇ ಗೊತ್ತಿರುವುದರಿಂದ, ಆ ಒಂದೇ ಜಾಗವನ್ನು ನೋಡುವ ಜೀನ್ ಪರೀಕ್ಷೆ ಪೂರ್ತಿ ಪರೀಕ್ಷೆಗಿಂತ ಅಗ್ಗ. ವರದಿಯ ನಕಲು ತೆಗೆದುಕೊಂಡು ಹೋಗಿ. ಅವಳಿಗೂ ಇದೆ ಅಂತಾದರೆ ಹೆದರಬೇಡಿ. ಸಾಮಾನ್ಯವಾಗಿ 8ರಿಂದ 10 ವರ್ಷದ ಹೊತ್ತಿಗೆ ಮಕ್ಕಳ ಡಾಕ್ಟರು ಕಡಿಮೆ ಡೋಸಿನ ಸ್ಟ್ಯಾಟಿನ್ ಶುರು ಮಾಡುವ ಬಗ್ಗೆ ಯೋಚಿಸುತ್ತಾರೆ. ಅಷ್ಟರವರೆಗೆ ಓಟ, ಆಟ, ಮನೆಯ ಊಟ. ಅಣ್ಣ ಒಂದೇ ಸಲ ಇಸಿಜಿ ಮಾಡಿಸಿ ಸುಮ್ಮನಾಗದೆ ಹೃದ್ರೋಗ ತಜ್ಞರನ್ನು ಕಾಣಲಿ, ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಕೊಲೆಸ್ಟ್ರಾಲ್ ಸೇರಿ ದಪ್ಪಗಾಗಿದೆಯಾ ಅಂತ ತೋರಿಸಲಿ. ಇನ್ನೊಂದು ಮಾತು. ಈ ಪ್ರಶ್ನೆ ಕೇಳಿದ ನೀವೂ ಅದೇ ತಂದೆಯ ಮಕ್ಕಳು. ನಿಮ್ಮ ಎಲ್‌ಡಿಎಲ್ ಎಷ್ಟು ಅಂತ ಬರೆದಿಲ್ಲ. ಮಗಳ ಜೊತೆ ನಿಮ್ಮ ರಕ್ತವನ್ನೂ ಕೊಟ್ಟು ಬನ್ನಿ.